ಫೈನಲ್ ಡ್ರಾ ಆದರೆ ಮರುಪಂದ್ಯ: ನೆಹರೂ ಮೈದಾನದಲ್ಲಿ ನಾವು ನಡೆಸಿದ ರೀತಿ

ಡಿಸೆಂಬರ್‌ನ ನಮ್ಮ ಫುಟ್‌ಬಾಲ್ ಟೂರ್ನಿಯ ಫೈನಲ್‌ಗೆ ಮರುಪಂದ್ಯದ ನಿಯಮ ಇಟ್ಟುಕೊಂಡದ್ದಕ್ಕೆ ಮೊದಲ ಕಾರಣ ಬೆಳಕು. 90 ನಿಮಿಷ ಆಟ, 15 ನಿಮಿಷ ವಿರಾಮ, ಗಾಯ ಮತ್ತು ಬದಲಾವಣೆಗೆ ರೆಫರಿ ಸೇರಿಸುವ ಸಮಯ ಸುಮಾರು 6 ನಿಮಿಷ: ಅಲ್ಲಿಗೆ 111. ಡ್ರಾ ಆದಾಗ ಆಡಿಸುವ ಹೆಚ್ಚುವರಿ 30 ನಿಮಿಷ, ಅಂದರೆ ಎಕ್ಸ್‌ಟ್ರಾ ಟೈಮ್, ನಡುವಿನ ಬಿಡುವು ಸೇರಿ 37, ಪೆನಾಲ್ಟಿಗೆ 15. ಒಟ್ಟು 163 ನಿಮಿಷ. ಆ ತಿಂಗಳು ಮಂಗಳೂರಿನಲ್ಲಿ ಸಂಜೆ 6 ದಾಟುತ್ತಲೇ ಹೊತ್ತು ಮುಳುಗುತ್ತದೆ. 4 ಗಂಟೆಗೆ ಸೀಟಿ ಊದಿದರೆ ಪೆನಾಲ್ಟಿ ಹೊತ್ತಿಗೆ ಗೋಲ್‌ಕೀಪರ್‌ಗೆ ಚೆಂಡೇ ಕಾಣದು. 3.15ಕ್ಕೆ ಶುರುವಾದರೆ ಮಾತ್ರ ಎಲ್ಲ ಮುಗಿಯುತ್ತದೆ, ಆದರೆ ಅತಿಥಿಗಳ ಭಾಷಣ ಆ ಮುಕ್ಕಾಲು ಗಂಟೆಯನ್ನು ನುಂಗುತ್ತದೆ. ಹಾಗಾಗಿ ಸಭೆಯನ್ನು ಪಂದ್ಯದ ನಂತರಕ್ಕೆ ಹಾಕಿ.

ನಿಯಮವನ್ನು ಮೊದಲ ಸುತ್ತಿಗೆ ಮುಂಚೆಯೇ ಬರೆದು ಎಲ್ಲ ತಂಡಗಳ ಸಹಿ ಪಡೆಯಬೇಕು, ಫೈನಲ್ ದಿನ ಮೈಕಿನಲ್ಲಿ ಎರಡು ಸಲ ಹೇಳಬೇಕು. 1909ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ ಮತ್ತು ರೇಂಜರ್ಸ್ 2–2, ಮರುಪಂದ್ಯದಲ್ಲಿ 1–1 ಆದವು. ಎಕ್ಸ್‌ಟ್ರಾ ಟೈಮ್ ಇದೆ ಎಂದು ಕಾದ ಪ್ರೇಕ್ಷಕರು ಅದಿಲ್ಲವೆಂದು ತಿಳಿದು ಗಲಭೆಗೆ ಇಳಿದರು, ಆ ವರ್ಷ ಕಪ್ಪನ್ನು ಯಾರಿಗೂ ಕೊಡಲಿಲ್ಲ. ನಮ್ಮ ನಿಯಮ: ಫೈನಲ್ ಡ್ರಾ ಆದರೆ ಒಂದೇ ಮರುಪಂದ್ಯ, ಅದೂ ಡ್ರಾ ಆದರೆ ಅಂದೇ ಎಕ್ಸ್‌ಟ್ರಾ ಟೈಮ್, ಬಳಿಕ ಪೆನಾಲ್ಟಿ. ಮೂರನೇ ಪಂದ್ಯ ಇಲ್ಲ.

ಜಗಳ ಹುಟ್ಟುವುದು ಆಟಗಾರರ ಪಟ್ಟಿಯಲ್ಲಿ. ಮರುಪಂದ್ಯಕ್ಕೆ ಕಾಸರಗೋಡು ಕಡೆಯಿಂದ ಹೊಸಬರನ್ನು ಕರೆತರುವ ಆಸೆ ತಂಡಗಳಿಗೆ ಸಹಜ. ಟೂರ್ನಿಯ ಆರಂಭದ ಪಟ್ಟಿಯಲ್ಲಿ ಹೆಸರಿದ್ದವರಿಗೇ ಅವಕಾಶ ಎಂದು ಬಿಗಿಯಾಗಿ ಬರೆಯಿರಿ. ಕೆಂಪು ಕಾರ್ಡ್ ಕಂಡವರು ಮರುಪಂದ್ಯಕ್ಕೆ ಇಲ್ಲ. ಫೈನಲ್‌ನ ಹಳದಿ ಕಾರ್ಡನ್ನು ನಾವು ಮುಂದಕ್ಕೆ ಒಯ್ಯಲಿಲ್ಲ. ಒಯ್ಯುವುದಾದರೆ ಅದನ್ನೂ ಬರೆದಿರಬೇಕು.

ಎರಡು ಪಂದ್ಯಗಳ ನಡುವೆ ಕನಿಷ್ಠ 72 ಗಂಟೆ ಬಿಡುವು ಬೇಕು. ಕರಾವಳಿಯ ಸೆಕೆಯಲ್ಲಿ ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ, ಮರುದಿನವೇ ಇಳಿಸಿದರೆ ಅರ್ಧ ಆಟದಲ್ಲೇ ಮೀನಖಂಡ ಹಿಡಿಯುತ್ತದೆ. 1993ರಲ್ಲಿ ಇಂಗ್ಲೆಂಡ್‌ನ ಎಫ್‌ಎ ಕಪ್‌ನಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ವೆನ್ಸ್‌ಡೇ ತಂಡಗಳ ಫೈನಲ್ ಮೇ 15ಕ್ಕೆ, ಮರುಪಂದ್ಯ 20ಕ್ಕೆ ನಡೆಯಿತು. ಮೈದಾನದ ಅನುಮತಿ, ಶಾಮಿಯಾನ, ಮೈಕ್, ಆಂಬುಲೆನ್ಸ್, ಮೂವರು ರೆಫರಿಗಳು, ಇವೆಲ್ಲವನ್ನೂ ಎರಡನೇ ತಾರೀಕಿಗೂ ಮೊದಲೇ ಹೇಳಿಡಬೇಕು. ಡ್ರಾ ಆದ ರಾತ್ರಿ ಫೋನ್ ಮಾಡಲು ಹೊರಟರೆ ಯಾರೂ ಸಿಗುವುದಿಲ್ಲ.

ಅಂಗಳವನ್ನು ಮತ್ತೆ ಸಿದ್ಧಮಾಡುವಾಗ ಮೊದಲು ನೋಡಬೇಕಾದದ್ದು ಪೆನಾಲ್ಟಿ ಚುಕ್ಕೆ. ಬೂಟಿನ ಮೊನೆಗೆ ಅಲ್ಲಿ ಬೊಗಸೆಯಷ್ಟು ಗುಂಡಿ ಬಿದ್ದಿರುತ್ತದೆ. ಒಣಮಣ್ಣು ತುಂಬಿದರೆ ಮೊದಲ ಒದೆತಕ್ಕೇ ಹಾರುತ್ತದೆ. ಜರಡಿ ಹಿಡಿದ ಕೆಂಪುಮಣ್ಣನ್ನು ನೀರು ಚಿಮುಕಿಸಿ ಎರಡು ಪದರಗಳಲ್ಲಿ ದಮ್ಮಸ್ಸು ಮಾಡಿ, ಒಂದು ರಾತ್ರಿ ಬಿಡಿ. ಬೆಳಗ್ಗೆ ಗೋಲ್‌ಗೆರೆಯ ಹೊರ ಅಂಚಿನಿಂದ 11 ಮೀಟರ್ ಹೊಸದಾಗಿ ಅಳೆಯಿರಿ, ಹಳೆಯ ಗುರುತನ್ನು ನಂಬಬೇಡಿ. ಮಧ್ಯಾಹ್ನ ಕಡಲಗಾಳಿ ಏಳುವ ಮೊದಲೇ ಗೆರೆ ಎಳೆದು ಮುಗಿಸಿ, ಇಲ್ಲದಿದ್ದರೆ ಪುಡಿ ಪೂರ್ವಕ್ಕೆ ಚದುರುತ್ತದೆ. ಪುಡಿಗೆ ಸುಟ್ಟ ಸುಣ್ಣ ಬೇಡ, ಅದು ಕಣ್ಣಿಗೂ ಗಾಯಕ್ಕೂ ಅಪಾಯ. ಚಾಕ್ ಪುಡಿಯೇ ಸಾಕು. ನೆಲ ಗಟ್ಟಿಯಿರುವುದರಿಂದ ಚೆಂಡಿನ ಗಾಳಿಯ ಒತ್ತಡವನ್ನು 0.7 ಅಟ್ಮಾಸ್ಫಿಯರ್‌ನ ಆಸುಪಾಸಿನಲ್ಲಿಡಿ (ನಿಯಮದ ಮಿತಿ 0.6ರಿಂದ 1.1), ಆಗ ಪುಟಿತ ಹಿಡಿತದಲ್ಲಿರುತ್ತದೆ.

ಕಪ್ಪಿನ ಮೇಲೆ ತಾರೀಕು ಕೆತ್ತಿಸುವ ಕೆಲಸವನ್ನು ಮರುಪಂದ್ಯದ ಮರುದಿನಕ್ಕೆ ಬಿಡಿ.