ಅಣುಬಾಂಬ್ ಸ್ಫೋಟ: ಮೊದಲ ಕ್ಷಣದಿಂದ ಮೊದಲ ದಿನದವರೆಗೆ ಮಾಡಬೇಕಾದ್ದು

ಅಣುಬಾಂಬ್ ಬಿದ್ದ ಮೇಲೆ ಯಾರೂ ಉಳಿಯುವುದಿಲ್ಲ, ಹಾಗಾಗಿ ಸಿದ್ಧತೆಯ ಮಾತೇ ವ್ಯರ್ಥ ಎಂದು ಬಹಳಷ್ಟು ಜನ ನಂಬಿದ್ದಾರೆ. ಸ್ಫೋಟದ ಸ್ಥಳಕ್ಕೆ ತೀರ ಸಮೀಪ, ಬಯಲಿನಲ್ಲಿ ಇರುವವರ ಮಟ್ಟಿಗೆ ಇದು ಹೆಚ್ಚುಕಡಿಮೆ ನಿಜ. ಆದರೆ 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಸುಮಾರು 15 ಕಿಲೋಟನ್ (15 ಸಾವಿರ ಟನ್ ಟಿಎನ್‌ಟಿ ಸ್ಫೋಟಕದಷ್ಟು) ಶಕ್ತಿಯ ಬಾಂಬ್ ಸ್ಫೋಟಿಸಿದಾಗ, ಅದರ ನೇರ ಕೆಳಗಿನ ನೆಲದಿಂದ ಕೇವಲ 170 ಮೀಟರ್ ದೂರದಲ್ಲಿದ್ದ ಕಾಂಕ್ರೀಟ್ ಕಟ್ಟಡದ ನೆಲಮಾಳಿಗೆಗೆ ಕಾಗದಪತ್ರ ತರಲೆಂದು ಇಳಿದಿದ್ದ ಐಜೊ ನೊಮುರಾ ಎಂಬ ನೌಕರರು ಬದುಕಿ ಹೊರಬಂದರು, 1982ರವರೆಗೂ ಬಾಳಿದರು. ಅಷ್ಟು ಹತ್ತಿರದಲ್ಲಿ ಉಳಿದದ್ದು ಅಪರೂಪದ ಅದೃಷ್ಟವೇ ಸರಿ. ಕೆಲವು ಕಿಲೋಮೀಟರ್ ಆಚೆಗಿರುವವರ ವಿಷಯ ಬೇರೆ: ಅವರ ಸಾವು-ಬದುಕು ಬಹುಮಟ್ಟಿಗೆ ಮೊದಲ ಕಾಲು ಗಂಟೆಯಲ್ಲಿ ಎಲ್ಲಿಗೆ ಹೋದರು, ಮೊದಲ ದಿನವಿಡೀ ಅಲ್ಲೇ ಉಳಿದರೇ ಎಂಬುದರಿಂದ ತೀರ್ಮಾನವಾಗುತ್ತದೆ.

ಮೊದಲು ಬರುವುದು ಬೆಳಕು ಮತ್ತು ಶಾಖ. ಅವುಗಳಿಂದ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ಒತ್ತಡದ ಅಲೆ ಮಾತ್ರ ಹಿಂದಿನಿಂದ, ದೂರ ಹೋದಂತೆಲ್ಲ ಶಬ್ದದ ವೇಗಕ್ಕೆ ಇಳಿಯುತ್ತ, ಕಿಲೋಮೀಟರಿಗೆ ಸುಮಾರು 3 ಸೆಕೆಂಡಿನಂತೆ ಬರುತ್ತದೆ. ಎಂದರೆ 8 ಕಿಲೋಮೀಟರ್ ದೂರದಲ್ಲಿರುವವರಿಗೆ 20 ಸೆಕೆಂಡಿಗಿಂತ ತುಸು ಹೆಚ್ಚು ಸಮಯ ಸಿಗುತ್ತದೆ, ಅದನ್ನು ಹೆಚ್ಚಿನವರು ಏನಾಯಿತೆಂದು ನೋಡಲು ಕಿಟಕಿಯ ಬಳಿ ಕಳೆಯುತ್ತಾರೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಬಳಿ ಆಕಾಶದಲ್ಲಿ ಉಲ್ಕೆಯೊಂದು ಸಿಡಿದಾಗ ನಡೆದದ್ದು ಇದೇ: ಬೆಳಕು ಕಂಡು ಕಿಟಕಿಗೆ ಬಂದು ನಿಂತವರ ಮುಖಕ್ಕೆ, ಕೆಲಹೊತ್ತಿನ ನಂತರ ಬಂದ ಒತ್ತಡದ ಅಲೆಗೆ ಒಡೆದ ಗಾಜು ಸಿಡಿಯಿತು, ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಆದ್ದರಿಂದ ಕಣ್ಣು ಕೋರೈಸುವ ಬೆಳಕು ಕಂಡ ಕೂಡಲೇ ಅತ್ತ ನೋಡದೆ, ಕಿಟಕಿಯಿಂದ ದೂರ ಸರಿದು, ಗಟ್ಟಿ ಗೋಡೆಯ ಮರೆಯಲ್ಲಿ ಬೋರಲಾಗಿ ಮಲಗಿ, ಕೈಗಳನ್ನು ಮೈ ಕೆಳಗೆ ಅಡಗಿಸಿಕೊಳ್ಳಬೇಕು. ಒಂದು ಹೊಡೆತ ಮುಗಿಯಿತೆಂದು ತಕ್ಷಣ ಏಳಬಾರದು, ಏಕೆಂದರೆ ಮುಂದಕ್ಕೆ ತಳ್ಳಿದ ಗಾಳಿ ಹಿಂದಕ್ಕೂ ಸೆಳೆಯುತ್ತದೆ. ಬೆಳಕಿನಿಂದ ಕಣ್ಣು ಕತ್ತಲಾದರೆ ಗಾಬರಿ ಬೇಡ. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ದೃಷ್ಟಿ ಮರಳುತ್ತದೆ.

ಅಲೆ ದಾಟಿದ ಮೇಲೆ ವಿಕಿರಣಶೀಲ ಧೂಳಿನ ಪ್ರಶ್ನೆ ಎದುರಾಗುತ್ತದೆ. ಬೆಂಕಿಯುಂಡೆ ನೆಲವನ್ನು ಮುಟ್ಟಿದರೆ ಟನ್ನುಗಟ್ಟಲೆ ಮಣ್ಣು ಆವಿಯಾಗಿ ಮೇಲೇರಿ, ವಿಕಿರಣಶೀಲ ವಸ್ತುವನ್ನು ಹೊತ್ತು, ಮರಳು ಅಥವಾ ಬೂದಿಯಂತೆ ಗಾಳಿ ಒಯ್ದ ಕಡೆ ಉದುರುತ್ತದೆ. ಬಹಳ ಎತ್ತರದಲ್ಲಿ ಸಿಡಿದ ಬಾಂಬಿನಿಂದ ಸ್ಥಳೀಯವಾಗಿ ಇಂಥ ಧೂಳು ತೀರ ಕಡಿಮೆ, ಆದರೆ ಕೆಳಗೆ ನಿಂತವರಿಗೆ ಆ ವ್ಯತ್ಯಾಸ ತಿಳಿಯುವಂತಿಲ್ಲವಾದ್ದರಿಂದ ಧೂಳು ಬಂದೇ ಬರುತ್ತದೆಂದು ತಿಳಿದು ನಡೆಯುವುದು ಲೇಸು. ಕೆಲವು ಕಿಲೋಮೀಟರ್ ದೂರದಲ್ಲಿ ಅದು ಬೀಳತೊಡಗಲು 10ರಿಂದ 15 ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ ದಪ್ಪ ಗೋಡೆಯ ಕಟ್ಟಡ ಸೇರಬೇಕು. ವಾಹನ ಹತ್ತಿ ಊರು ಬಿಡುವ ಯೋಚನೆ ಅಪಾಯಕಾರಿ: ಧೂಳಿನಿಂದ ಹೊಮ್ಮಿ ವಸ್ತುಗಳನ್ನು ತೂರಿ ಹೋಗುವ ಗಾಮಾ ಕಿರಣಗಳಿಗೆ ವಾಹನದ ತಗಡು ತಡೆಯೇ ಅಲ್ಲ, ರಸ್ತೆಗಳಲ್ಲಿ ಸಿಕ್ಕಿಬೀಳುವ ಸಂಭವವೇ ಹೆಚ್ಚು, ಮೇಲಾಗಿ ಮುಖಕ್ಕೆ ಬೀಸುವ ಗಾಳಿಯ ದಿಕ್ಕೂ ಧೂಳನ್ನು ಒಯ್ಯುವ ಮೇಲ್ಮಟ್ಟದ ಗಾಳಿಯ ದಿಕ್ಕೂ ಒಂದೇ ಆಗಿರಬೇಕೆಂದಿಲ್ಲ.

ಕಟ್ಟಡದೊಳಗೆ ಎಲ್ಲಿ ಕೂರಬೇಕೆಂಬುದನ್ನು ಲೆಕ್ಕವೇ ಹೇಳುತ್ತದೆ. ಈ ಧೂಳಿನ ಗಾಮಾ ವಿಕಿರಣವನ್ನು ಸುಮಾರು 6 ಸೆಂಟಿಮೀಟರ್ ಕಾಂಕ್ರೀಟ್ ಅಥವಾ 9 ಸೆಂಟಿಮೀಟರ್ ಗಟ್ಟಿ ಮಣ್ಣು ಅರ್ಧಕ್ಕೆ ಇಳಿಸುತ್ತದೆ. 30 ಸೆಂಟಿಮೀಟರ್ ಕಾಂಕ್ರೀಟ್ ಐದು ಸಲ ಅರ್ಧಕ್ಕಿಳಿಸಿ, ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ತರುತ್ತದೆ. ಧೂಳು ಕೂರುವುದು ಛಾವಣಿಯ ಮೇಲೆ ಮತ್ತು ಸುತ್ತಲಿನ ನೆಲದ ಮೇಲೆ, ಆದ್ದರಿಂದ ಎರಡರಿಂದಲೂ ದೂರವಿರುವ ಜಾಗ ಬೇಕು. ನೆಲಮಾಳಿಗೆ ಎಲ್ಲಕ್ಕಿಂತ ಉತ್ತಮ. ಅದಿಲ್ಲದಿದ್ದರೆ ಬಹುಮಹಡಿ ಕಟ್ಟಡದ ನಡು ಮಹಡಿಗಳಲ್ಲಿ, ಹೊರಗೋಡೆಗೆ ತಾಗದ ಒಳಕೋಣೆ ಅಥವಾ ಕಟ್ಟಡದೊಳಗಿನ ಮೆಟ್ಟಿಲಿನ ಜಾಗ ಆಗುತ್ತದೆ. ಫ್ಯಾನು, ಏಸಿಗಳನ್ನು ಆರಿಸಿ ಕಿಟಕಿ ಬಾಗಿಲು ಮುಚ್ಚಬೇಕು. ಸಂದುಗಳಿಗೆಲ್ಲ ಟೇಪು ಅಂಟಿಸುತ್ತ ಹೊತ್ತು ಕಳೆಯುವುದರಲ್ಲಿ ನನಗೆ ಹೆಚ್ಚಿನ ಅರ್ಥ ಕಾಣುವುದಿಲ್ಲ: ಗಾಮಾ ಕಿರಣ ಸಂದಿನಿಂದ ನುಸುಳಿ ಬರುವುದಲ್ಲ, ಗೋಡೆಯನ್ನೇ ಹಾದು ಬರುತ್ತದೆ, ಒಳಗೆ ತುಂಬ ಜನರಿದ್ದರೆ ಉಸಿರಾಟಕ್ಕೂ ತೊಂದರೆ.

ಒಳಗೆ ಕಾಯುವುದು ಫಲ ಕೊಡಲು ಕಾರಣ, ಈ ವಿಕಿರಣ ಬಹುಬೇಗ ಕುಗ್ಗುತ್ತದೆ. ಸಮಯ ಏಳು ಪಟ್ಟಾದರೆ ತೀವ್ರತೆ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಸ್ಫೋಟದ ಒಂದು ಗಂಟೆಯ ನಂತರ ಅದು 1000 ಎಂದಿಟ್ಟುಕೊಂಡರೆ, 7 ಗಂಟೆಗೆ 100, ಎರಡು ದಿನಕ್ಕೆ 10, ಎರಡು ವಾರಕ್ಕೆ 1. ಅಧಿಕಾರಿಗಳಿಂದ ಬೇರೆ ಸೂಚನೆ ಬಾರದಿದ್ದರೆ ಕನಿಷ್ಠ 24 ಗಂಟೆ ಹೊರಬರಬಾರದು ಎನ್ನುವುದು ಈ ಲೆಕ್ಕದಿಂದಲೇ. ಬೆಂಕಿ ಹತ್ತಿದರೆ ಅಥವಾ ಕಟ್ಟಡ ಕುಸಿಯುವಂತಿದ್ದರೆ ಮಾತ್ರ ಹೊರಡಬೇಕು, ಅದೂ ಹತ್ತಿರದ ಇನ್ನೊಂದು ಗಟ್ಟಿ ಕಟ್ಟಡಕ್ಕೆ. ಇದನ್ನು ಪಾಲಿಸಲು ಅತ್ಯಂತ ಕಷ್ಟವಾಗುವುದು ಮಕ್ಕಳು ಶಾಲೆಯಲ್ಲಿರುವ ತಂದೆತಾಯಿಗಳಿಗೆ. ಶಾಲೆಯ ಕಟ್ಟಡದೊಳಗಿರುವ ಮಗುವನ್ನು ಕರೆತರಲು ಮೊದಲ ಗಂಟೆಯಲ್ಲಿ ಹೊರಟರೆ, ಹೋಗುವಾಗ ಒಬ್ಬರೂ ಬರುವಾಗ ಇಬ್ಬರೂ ಧೂಳಿಗೆ ಒಡ್ಡಿಕೊಂಡಂತಾಗುತ್ತದೆ. ಇಂಥ ಹೊತ್ತಿನಲ್ಲಿ ಎಲ್ಲರೂ ತಾವಿದ್ದಲ್ಲೇ ಇರಬೇಕು, ಒಂದು ದಿನದ ನಂತರ ಇಂಥ ಕಡೆ ಸೇರಬೇಕು ಎಂದು ಮನೆಮಂದಿ ಮೊದಲೇ ಮಾತಾಡಿಕೊಂಡಿರಬೇಕು. ಸಿದ್ಧತೆಗಳಲ್ಲೆಲ್ಲ ದೊಡ್ಡದು ಇದೇ, ಇದಕ್ಕೆ ಖರ್ಚೂ ಇಲ್ಲ.

ಧೂಳು ಬೀಳುವಾಗ ಹೊರಗಿದ್ದವರು ಒಳಬಂದ ತಕ್ಷಣ ಮೇಲುಡುಪನ್ನೂ ಚಪ್ಪಲಿ ಅಥವಾ ಷೂಗಳನ್ನೂ ಕಳಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಜನರಿಂದ ದೂರ ಇಡಬೇಕು. ಮೈಮೇಲಿನ ಧೂಳಿನ ಬಹುಪಾಲು ಇಷ್ಟರಲ್ಲೇ ಹೋಗುತ್ತದೆ. ನಂತರ ಸೋಪು ಹಚ್ಚಿ, ಚರ್ಮ ತರಚದಂತೆ ಮೃದುವಾಗಿ ತೊಳೆಯಬೇಕು. ತಲೆಗೆ ಶಾಂಪೂ ಆಗಬಹುದು, ಕಂಡಿಷನರ್ ಮಾತ್ರ ಬೇಡ, ಅದು ಕಣಗಳನ್ನು ಕೂದಲಿಗೆ ಅಂಟಿಸಿಬಿಡುತ್ತದೆ. ತೊಳೆಯುವಷ್ಟು ನೀರಿಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಕಣ್ರೆಪ್ಪೆ, ಕಿವಿ, ಮೂಗನ್ನೂ ಸಹ. 1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಜಲಜನಕ ಬಾಂಬಿನ ಪರೀಕ್ಷೆಯ ಬಿಳಿಬೂದಿ ರೊಂಗೆಲಾಪ್ ದ್ವೀಪದ ಜನರ ಮೇಲೆ ಸುರಿದಾಗ, ಅದು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಕ್ಕಳು ಅದರಲ್ಲೇ ಆಡಿದರು. ಮುಂದಿನ ವಾರಗಳಲ್ಲಿ ಸುಟ್ಟಗಾಯಗಳು ಎದ್ದದ್ದು ಬೂದಿ ಅಂಟಿ ಉಳಿದ ನೆತ್ತಿ, ಕುತ್ತಿಗೆ, ಬರಿಗಾಲುಗಳ ಮೇಲೆ. ಮೇಲೆ ಹೇಳಿದಂತೆ ತೊಳೆದು ಶುಚಿಯಾದವರಿಂದ ಮತ್ತೊಬ್ಬರಿಗೆ ವಿಕಿರಣ ಅಂಟುವುದಿಲ್ಲ, ಅವರನ್ನು ದೂರ ಇಡಬೇಕಾಗಿಲ್ಲ.

ಪೊಟ್ಯಾಸಿಯಂ ಅಯೊಡೈಡ್ ಮಾತ್ರೆಯ ಬಗ್ಗೆ ಅತಿಯಾದ ನಿರೀಕ್ಷೆ ಇದೆ. ಅದು ಥೈರಾಯ್ಡ್ ಗ್ರಂಥಿಯನ್ನು ವಿಕಿರಣಶೀಲ ಅಯೊಡಿನ್ನಿನಿಂದ ಕಾಯುತ್ತದೆ, ಅಷ್ಟೇ. ಹೊರಗಿನ ಗಾಮಾ ಕಿರಣಕ್ಕೆ ಅದು ಮದ್ದಲ್ಲ. ಸೂಚನೆ ಬಂದಾಗ ಮಾತ್ರ ನುಂಗಬೇಕು. ಅದರ ಬದಲಿಗೆ ಅಯೊಡಿನ್ ಉಪ್ಪು ತಿನ್ನುವುದು ನಿಷ್ಪ್ರಯೋಜಕ.

ಕೂಡಿಟ್ಟುಕೊಳ್ಳಬೇಕಾದ ಸಾಮಾನು ಹೆಚ್ಚೇನಿಲ್ಲ: ತಲೆಗೆ ದಿನಕ್ಕೆ ಸುಮಾರು 4 ಲೀಟರಿನಂತೆ ನೀರು, ಬೇಯಿಸದೆ ತಿನ್ನಬಹುದಾದ ಡಬ್ಬಿ ಆಹಾರ, ನಿತ್ಯದ ಔಷಧ, ಟಾರ್ಚು, ಬ್ಯಾಟರಿ ರೇಡಿಯೊ. ಸ್ಫೋಟದ ವಿದ್ಯುತ್ಕಾಂತೀಯ ಹೊಡೆತಕ್ಕೆ ವಿದ್ಯುತ್ತೂ ಮೊಬೈಲ್ ಜಾಲವೂ ಸತ್ತರೆ ಹೊರಗಿನ ಸುದ್ದಿ ತಿಳಿಯಲು ಉಳಿಯುವುದು ರೇಡಿಯೊ ಒಂದೇ. ಮುಚ್ಚಿದ ಡಬ್ಬಿಯೊಳಗಿನ ಆಹಾರ ಕೆಡುವುದಿಲ್ಲ, ತೆರೆಯುವ ಮುಂಚೆ ಹೊರಮೈಯನ್ನು ಒರೆಸಿದರೆ ಸಾಕು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ವಿಕಿರಣಶೀಲ ಕಣ ಹೋಗುವುದಿಲ್ಲ, ಆದ್ದರಿಂದ ಬಯಲಿಗೆ ತೆರೆದ ಕೆರೆ, ತೊಟ್ಟಿಗಳ ನೀರನ್ನೂ ಹೊಲದಲ್ಲಿ ತೆರೆದಿದ್ದ ಸೊಪ್ಪು ತರಕಾರಿಗಳನ್ನೂ ಪರೀಕ್ಷೆಯಾಗುವವರೆಗೆ ಮುಟ್ಟಬಾರದು. ಧೂಳಿಗೆ ಸಿಕ್ಕವರಲ್ಲಿ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗಿ ನಿಲ್ಲದಿದ್ದರೆ ಅದು ಆರಂಭವಾದ ಸಮಯವನ್ನು ಬರೆದಿಡಬೇಕು. ಭಯದಿಂದಲೂ ವಾಂತಿಯಾಗಬಹುದು, ಆದರೂ ತಗುಲಿದ ವಿಕಿರಣದ ಪ್ರಮಾಣವನ್ನು ಅಂದಾಜು ಮಾಡಲು ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.