ಗುಡ್ಡ ಹತ್ತುವ ಮೊದಲು ಗರಸಿನ ಗುಂಡಿ ನೋಡಿ: ಕೊಪ್ಪಳದ ಬಂಡೆಗಳಲ್ಲಿ ಶಿಥಿಲೀಕರಣವನ್ನು ಗುರುತಿಸುವ ಬಗೆ

ಕೊಪ್ಪಳ ಜಿಲ್ಲೆಯ ಆನೆಗೊಂದಿ, ಸಾಣಾಪುರ, ಹಿರೇಬೆಣಕಲ್ ಸುತ್ತಮುತ್ತ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತ ಗುಂಡುಗಳನ್ನು ನೋಡಿದವರು ಅವು ಎಲ್ಲಿಂದಲೋ ಉರುಳಿ ಬಂದಿರಬೇಕೆಂದು ಭಾವಿಸುತ್ತಾರೆ. ವಾಲಿ ಸುಗ್ರೀವರು ಕಾದಾಡುವಾಗ ಎಸೆದಾಡಿದ ಕಲ್ಲುಗಳಿವು ಎಂಬ ಮಾತೂ ಈ ಭಾಗದಲ್ಲಿದೆ. ಆದರೆ ಇವುಗಳಲ್ಲಿ ಬಹುಪಾಲು ಗುಂಡುಗಳು ಇದ್ದ ಜಾಗದಲ್ಲಿಯೇ, ಅದೂ ನೆಲದೊಳಗೆ, ದುಂಡಗಾದಂಥವು. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಅವು ಬಯಲಿಗೆ ಬಂದವು. ಆದ್ದರಿಂದ ಶಿಥಿಲೀಕರಣವನ್ನು, ಅಂದರೆ ಬಂಡೆ ಇದ್ದಲ್ಲಿಯೇ ಒಡೆದು ಕೊಳೆತು ಮಣ್ಣಾಗುವುದನ್ನು, ಕಣ್ಣಾರೆ ಕಾಣಬೇಕೆನ್ನುವವರು, ಅದರಲ್ಲೂ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು, ಗುಡ್ಡ ಹತ್ತುವ ಮೊದಲು ಗರಸು ತೆಗೆದು ಬಿಟ್ಟ ಹಳೆಯ ಗುಂಡಿಯನ್ನೋ ರಸ್ತೆಗಾಗಿ ಕಡಿದ ದಿಬ್ಬವನ್ನೋ ನೋಡುವುದು ಒಳ್ಳೆಯದು.

ಜೊತೆಗೆ ಒಂದು ಕಬ್ಬಿಣದ ಮೊಳೆ, ಚಿಕ್ಕ ಸುತ್ತಿಗೆ, ಭೂತಗನ್ನಡಿ, ಎರಡು ನಿಂಬೆಹಣ್ಣು ಮತ್ತು ಕುಡಿಯುವ ನೀರು ಇದ್ದರೆ ಸಾಕು. ನವೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗಿನ ಹೊತ್ತು ಅನುಕೂಲ. ಗುಡ್ಡದ ಗವಿಗಳಲ್ಲಿ ಚಿರತೆ, ಕರಡಿಗಳು ಇರುವುದರಿಂದ ನಸುಕಿನಲ್ಲಿಯೂ ಸಂಜೆಯಲ್ಲಿಯೂ ಹೋಗಬಾರದು. ಗುಂಡಿಯ ಅಂಚು ಕುಸಿಯುವಂತಿದ್ದರೆ ಅದರ ಬುಡದಲ್ಲಿ ನಿಲ್ಲಲೂಬಾರದು.

ಗುಂಡಿಯ ಗೋಡೆಯಲ್ಲಿ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಕೈಯಿಂದ ಹಿಸುಕಿದರೆ ಉದುರುವ ಗರಸು, ಆ ಗರಸಿನ ನಡುವೆ ಅಲ್ಲಲ್ಲಿ ಹುದುಗಿಕೊಂಡ ದುಂಡು ಕಲ್ಲುಗಳು ಕಾಣುತ್ತವೆ. ಈ ದುಂಡು ಕಲ್ಲುಗಳೇ ಮುಂದೆ ಗುಡ್ಡದ ಮೇಲಿನ ಗುಂಡುಗಳಾಗುವಂಥವು. ಗರಸನ್ನು ಅಂಗೈಯಲ್ಲಿ ಹರಡಿ ಭೂತಗನ್ನಡಿಯಲ್ಲಿ ನೋಡಿದರೆ ಮೂರು ಬಗೆಯ ಕಣಗಳನ್ನು ಬೇರ್ಪಡಿಸಬಹುದು. ಗಾಜಿನಂತೆ ಹೊಳೆಯುತ್ತ, ಮೊಳೆಗೆ ಜಗ್ಗದೆ ಉಳಿದಿರುವುದು ಬೆಣಚು. ಬಂಗಾರದ ಬಣ್ಣಕ್ಕೆ ತಿರುಗಿ ಪದರುಪದರಾಗಿ ಏಳುವುದು ನಮ್ಮ ಜನ ಕಾಗೆಬಂಗಾರವೆಂದು ಕರೆಯುವ ಅಭ್ರಕ. ಮೊದಲು ಅದು ಕಪ್ಪಾಗಿತ್ತು; ಅದರಲ್ಲಿನ ಕಬ್ಬಿಣವು ಆಮ್ಲಜನಕದೊಡನೆ ಕೂಡಿ ಬಣ್ಣ ಬದಲಿಸಿದೆ, ಮತ್ತು ಹಾಗೆ ಬದಲಾಗುವಾಗ ಉಬ್ಬಿ ಅಕ್ಕಪಕ್ಕದ ಕಣಗಳನ್ನು ದೂರ ತಳ್ಳಿದೆ. ಮೂರನೆಯದು ಬಿಳಿಯ ಅಥವಾ ನಸುಗೆಂಪು ಫೆಲ್ಡ್‌ಸ್ಪಾರ್. ಹೊಸದಾಗಿ ಒಡೆದ ಕಲ್ಲಿನಲ್ಲಿ ಇದನ್ನು ಮೊಳೆಯಿಂದ ಗೀಚಲಾಗದು. ಗರಸಿನಲ್ಲಿರುವುದನ್ನು ಗೀಚಿದರೆ ಸೀಮೆಸುಣ್ಣದಂತಹ ಪುಡಿ ಬೆರಳಿಗೆ ಹತ್ತುತ್ತದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗಿ ಇಳಿದಾಗ ಫೆಲ್ಡ್‌ಸ್ಪಾರ್‌ನಲ್ಲಿನ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳು ನೀರಿನೊಡನೆ ಹೊರಟುಹೋಗುತ್ತವೆ, ಉಳಿಯುವುದು ಜೇಡಿ. ರಾಸಾಯನಿಕ ಶಿಥಿಲೀಕರಣವೆಂದರೆ ಮುಖ್ಯವಾಗಿ ಇದೇ.

ಕಲ್ಲು ದುಂಡಗಾಗುವುದೇಕೆ ಎಂಬುದಕ್ಕೆ ಉತ್ತರ ಸರಳ. ನೀರು ಬಂಡೆಯೊಳಗೆ ಇಳಿಯುವುದು ಅಡ್ಡ ಉದ್ದ ಬಿರುಕುಗಳ ಮೂಲಕ. ಆ ಬಿರುಕುಗಳು ಬಂಡೆಯನ್ನು ಪೆಟ್ಟಿಗೆಗಳಂತೆ ವಿಭಾಗಿಸಿರುತ್ತವೆ. ಪೆಟ್ಟಿಗೆಯ ಮುಖಕ್ಕೆ ಒಂದು ಕಡೆಯಿಂದ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ ನೀರು ತಗಲುವುದರಿಂದ ಮೂಲೆಗಳು ಮೊದಲು ಕೊಳೆಯುತ್ತವೆ. ಬಿರುಕು ಹೆಚ್ಚಿದಷ್ಟೂ ಕೆಲಸ ಬೇಗ ಸಾಗುತ್ತದೆ: ಒಂದು ಮೀಟರ್ ಘನದ ಕಲ್ಲಿಗೆ 6 ಚದರ ಮೀಟರ್ ಮೈ ಇದ್ದರೆ, ಅದನ್ನೇ 10 ಸೆಂಟಿಮೀಟರ್‌ನ 1,000 ತುಂಡು ಮಾಡಿದಾಗ 60 ಚದರ ಮೀಟರ್ ಆಗುತ್ತದೆ. ಪಠ್ಯಪುಸ್ತಕಗಳು ಭೌತಿಕ, ರಾಸಾಯನಿಕ ಎಂದು ಎರಡು ಅಧ್ಯಾಯ ಮಾಡಿದರೂ ಗುಂಡಿಯ ಗೋಡೆಯಲ್ಲಿ ಅವೆರಡನ್ನು ಬಿಡಿಸಿ ತೋರಿಸಲು ಆಗುವುದಿಲ್ಲ.

ಇನ್ನು ಗುಡ್ಡ ಹತ್ತಬಹುದು. ಇಲ್ಲಿನ ಕಣಶಿಲೆ ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ತಣಿದು ಗಟ್ಟಿಯಾದದ್ದು; ರಾಮನಗರದ ಹಳೆಯ ಹೆಸರಿನಿಂದ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮೇಲಿನ ಭಾರ ಸವೆದುಹೋದಂತೆ ಬಂಡೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಮೈಗೆ ಸಮಾನಾಂತರವಾಗಿ ಬಿರಿಯುತ್ತದೆ. ಹಾಸುಬಂಡೆಯ ಮೇಲೆ ನಡೆಯುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಜಾಗ ಠಣ್ ಎನ್ನುತ್ತದೆ, ಪದರು ಬಿಟ್ಟ ಜಾಗ ಡಬಡಬ ಎನ್ನುತ್ತದೆ. ಕಲ್ಲುಕುಟಿಗರು ಈ ಸದ್ದನ್ನು ಕೇಳಿಯೇ ಹಲಗೆ ಎಬ್ಬಿಸುವ ಜಾಗವನ್ನು ಆರಿಸುತ್ತಾರೆ. ಹಿರೇಬೆಣಕಲ್‌ನ ಮೋರೇರ ಗುಡ್ಡದಲ್ಲಿ 2,000 ವರ್ಷಗಳಿಗೂ ಹಿಂದಿನ ಶಿಲಾಸಮಾಧಿಗಳನ್ನು ಕಟ್ಟಿದವರು ಬಳಸಿದ್ದೂ ಹೀಗೆ ಪದರು ಬಿಡುವ ಬಂಡೆಯ ಚಪ್ಪಡಿಗಳನ್ನೇ. ಅಲ್ಲಿ ಮಾತ್ರ ಸುತ್ತಿಗೆ ಚೀಲದಲ್ಲಿಯೇ ಇರಲಿ.

ಬಿಸಿಲಿಗೆ ಕಾದು ಇರುಳಿಗೆ ತಣಿಯುವುದರಿಂದಲೇ ಬಂಡೆ ಒಡೆಯುತ್ತದೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ ಅಮೆರಿಕದ ಭೂವಿಜ್ಞಾನಿ ಡೇವಿಡ್ ಗ್ರಿಗ್ಸ್ 1936ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗ್ರಾನೈಟ್ ತುಂಡನ್ನು 89,400 ಬಾರಿ ಒಣದಾಗಿ ಕಾಯಿಸಿ ತಣಿಸಿದರೂ ಗಮನಾರ್ಹ ಬದಲಾವಣೆ ಆಗಲಿಲ್ಲ. ನೀರು ಸಿಂಪಡಿಸಿ ತಣಿಸಿದಾಗ ಬಹಳ ಬೇಗ ಮೈ ಬಿರಿಯಿತು. ಅವರು ಬಳಸಿದ್ದು ನಯಗೊಳಿಸಿದ ಸಣ್ಣ ತುಂಡಾದ್ದರಿಂದ ಬಿಸಿಲಿನ ಪಾತ್ರವೇ ಇಲ್ಲ ಎನ್ನುವಂತಿಲ್ಲ, ಆದರೆ ನೀರಿನ ನೆರವಿಲ್ಲದೆ ಬಿಸಿಲು ಮಾಡುವ ಕೆಲಸ ನಾವೆಣಿಸಿದ್ದಕ್ಕಿಂತ ಬಹಳ ಕಡಿಮೆ.

ಹಾಸುಬಂಡೆಯ ಮೇಲಿನ ದೊಣೆಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಳೆನೀರು ನಿಂತ ಸಣ್ಣ ತಗ್ಗಿನಲ್ಲಿ ಫೆಲ್ಡ್‌ಸ್ಪಾರ್ ಮೆತ್ತಗಾಗಿ, ಬಿಡಿಯಾದ ಕಣಗಳನ್ನು ಬೇಸಿಗೆಯ ಗಾಳಿ ಹೊತ್ತೊಯ್ದು, ಮರುವರ್ಷ ತಗ್ಗು ಕೊಂಚ ಹಿಗ್ಗುತ್ತದೆ. ದೊಣೆಯ ತಳದಲ್ಲಿ ಕೈಯಾಡಿಸಿದರೆ ಸಿಗುವ ಹರಳು ಹೆಚ್ಚಾಗಿ ಬೆಣಚೇ. ಪಕ್ಕದಲ್ಲಿ ಬೂದು, ಹಳದಿ ಬಣ್ಣದ ಕಲ್ಲುಹೂವಿನ ಮಚ್ಚೆಗಳಿದ್ದರೆ ಅವುಗಳಿಂದ ಒಸರುವ ಆಮ್ಲವೂ ಕಣಗಳನ್ನು ಸಡಿಲಿಸುತ್ತಿರುತ್ತದೆ. (ಮಸಾಲೆಗೆ ಹಾಕುವ ಕಲ್ಲುಹೂವೂ ಇದೇ ಬಳಗದ್ದು.) ಬಿರುಕಿನಲ್ಲಿ ಬೇರೂರಿದ ಬಸರಿ, ಅರಳಿ ಗಿಡಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಉಪ್ಪಿನ ಕೆಲಸವನ್ನು ನೋಡಲು ಗುಡ್ಡಕ್ಕೇ ಹೋಗಬೇಕೆಂದಿಲ್ಲ. ನಮ್ಮ ಮನೆಯ ಕಂಪೌಂಡ್ ಗೋಡೆಯ ಬುಡಕ್ಕೆ ವರ್ಷಗಟ್ಟಲೆ ಬೋರ್‌ವೆಲ್‌ನ ಸವಳು ನೀರು ಬಿದ್ದು, ಒಂದಡಿ ಎತ್ತರದವರೆಗೆ ಕಲ್ಲುಗಳ ಮೈ ಹಪ್ಪಳದಂತೆ ಎದ್ದು ಬರತೊಡಗಿತು. ನಾನು ತಿಳಿಯದೆ ಅದರ ಮೇಲೆ ಸಿಮೆಂಟ್ ಬಳಿಸಿದೆ. ಆರಲು ದಾರಿ ಇಲ್ಲದ ತೇವ ಇನ್ನೂ ಮೇಲೇರಿ, ಎರಡನೆಯ ಸಾಲಿನ ಕಲ್ಲುಗಳೂ ಉದುರಿದವು. ನೀರು ಆರುವಾಗ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಉಪ್ಪು ಹರಳುಗಟ್ಟಿ ಒಳಗಿನಿಂದ ಒತ್ತುವುದೇ ಇದಕ್ಕೆ ಕಾರಣ. ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದ ಉದುರಿಸಿ, ನೀರು ಬೀಳದಂತೆ ನೋಡಿಕೊಂಡು, ಗೋಡೆಯನ್ನು ಆರಲು ಬಿಡುವುದೇ ಸರಿಯಾದ ಕ್ರಮ.

ಕೊನೆಯದಾಗಿ ಗುಡ್ಡದಿಂದ ಹಳ್ಳದ ಕಡೆಗೆ ಇಳಿಯುತ್ತ ಹೊಲಗಳನ್ನು ಗಮನಿಸಬೇಕು. ಗುಡ್ಡದ ಬುಡದಲ್ಲಿ ಮಸಾರಿ (ಕೆಂಪು ಮಣ್ಣು), ಕೆಳಗಿನ ಸಮತಟ್ಟಿನಲ್ಲಿ ಎರಿ (ಕಪ್ಪು ಮಣ್ಣು). ಇಳಿಜಾರಿನಲ್ಲಿ ನೀರು ಬಸಿದುಹೋಗುವುದರಿಂದ ಕರಗುವ ಅಂಶಗಳು ಕಳೆದುಹೋಗಿ ಕಬ್ಬಿಣದ ಕೆಂಪು ಉಳಿಯುತ್ತದೆ. ಆ ಅಂಶಗಳು ಬಂದು ನಿಲ್ಲುವ ತಗ್ಗಿನಲ್ಲಿ ನೀರಿಗೆ ಉಬ್ಬಿ ಬೇಸಿಗೆಗೆ ಬಿರಿಯುವ ಬೇರೆ ಬಗೆಯ ಜೇಡಿ ಹುಟ್ಟುತ್ತದೆ. ಎರಿ ಹೊಲದ ಬದುವಿನಲ್ಲಿ ಸಿಗುವ ಸುಣ್ಣದ ಹರಳನ್ನು ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ: ಮೇಲಿನ ಬಂಡೆ ಕಳೆದುಕೊಂಡ ಕ್ಯಾಲ್ಸಿಯಂ ಇಲ್ಲಿ ಸುಣ್ಣವಾಗಿ ಕುಳಿತಿದೆ. ನೊರೆ ಬರದಿದ್ದರೆ ಕೈಯಲ್ಲಿರುವುದು ಬೆಣಚಿರಬಹುದು. ಅದನ್ನು ಬಿಟ್ಟು, ಮೊಳೆಗೆ ಸುಲಭವಾಗಿ ಕೆರೆಯುವ ಬೂದು ಹರಳೊಂದನ್ನು ಹುಡುಕಿಕೊಳ್ಳಬೇಕು.