ಮ್ಯಾಪ್ ಮಾಡಿದ ಡೀಸೆಲ್ ಪೋಲೊಗೆ ಕ್ಲಚ್, ಫ್ಲೈವೀಲ್: ನಾನು ಆರಿಸಿದ್ದು ಹೀಗೆ

ಪೋಲೊ ಜಿಟಿ ಟಿಡಿಐ ಕಂಪೆನಿಯಿಂದ ಬರುತ್ತಿದ್ದಾಗ 250 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಆದ ಮೇಲೆ ನನ್ನದು 320. ಹೆದ್ದಾರಿ 66ರಲ್ಲಿ ಐದನೇ ಗೇರಿನಲ್ಲಿ 1,800 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಟ್ಯಾಕೊ (ಆರ್‌ಪಿಎಂ ಮೀಟರ್) ಮುಳ್ಳು ಏರಿತು, ವೇಗ ಏರಲಿಲ್ಲ. ಕ್ಲಚ್ ಜಾರುವುದೆಂದರೆ ಇದೇ.

‘ಸ್ಟೇಜ್ 2’, ‘ಸ್ಟೇಜ್ 3’ ಹೆಸರು ನೋಡಿ ಕ್ಲಚ್ ಕೊಳ್ಳಬೇಡಿ, ಒಬ್ಬೊಬ್ಬ ತಯಾರಕನಿಗೆ ಒಂದೊಂದು ಅರ್ಥ. ಕ್ಲಚ್ ಎಷ್ಟು ಟಾರ್ಕ್ ತಡೆಯುತ್ತದೆ ಎಂಬ ಲೆಕ್ಕ ಸುಲಭ: ಡಿಸ್ಕಿನ ಎರಡು ಮೈ, ಘರ್ಷಣಾಂಕ, ಡಿಸ್ಕನ್ನು ಫ್ಲೈವೀಲಿಗೆ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಒತ್ತಡ, ಸರಾಸರಿ ತ್ರಿಜ್ಯ, ಇವಿಷ್ಟನ್ನು ಗುಣಿಸಿ. ಆರ್ಗ್ಯಾನಿಕ್ ಡಿಸ್ಕಿಗೆ 0.3, ಒತ್ತಡ 5,500 ನ್ಯೂಟನ್, ತ್ರಿಜ್ಯ 0.09 ಮೀಟರ್ ಹಿಡಿದರೆ 297 ಎನ್‌ಎಂ. ಸಾಲದು. ಎಂಜಿನ್ ಕೊಡುವುದಕ್ಕಿಂತ ಕಾಲು ಭಾಗ ಹೆಚ್ಚು, ಅಂದರೆ 400 ಬೇಕು. ಘರ್ಷಣಾಂಕ 0.4ರ ಸೆರಾಮಿಕ್ ಪಕ್ (ಸೆರಾಮಿಕ್ ತುಂಡುಗಳಿರುವ ಡಿಸ್ಕ್) ಹಾಕಿದರೆ ಅದೇ ಒತ್ತಡದಲ್ಲಿ 396, ಹೆಚ್ಚುಕಮ್ಮಿ ಸಿಕ್ಕಂತೆಯೇ. ಆದರೆ ಮಂಗಳೂರಿನ ನಂತೂರು ಸರ್ಕಲಿನಲ್ಲಿ ಬಸ್ಸಿನ ಬೆನ್ನಿಗೆ ತೆವಳುವಾಗ ಗಾಡಿ ಕಪ್ಪೆಯಂತೆ ಕುಪ್ಪಳಿಸುತ್ತದೆ. ಹಾಗಾಗಿ ಆರ್ಗ್ಯಾನಿಕ್ ಡಿಸ್ಕನ್ನೇ ಇಟ್ಟು 7,500 ನ್ಯೂಟನ್ನಿನ ಪ್ಲೇಟ್ ಹಾಕಿದೆ: 405. ಪೆಡಲ್ ಗಟ್ಟಿಯಾಯಿತು. ಒತ್ತಿ ಹಿಡಿದಷ್ಟೂ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿಗೆ ಭಾರ, ಸಿಗ್ನಲಿನಲ್ಲಿ ನ್ಯೂಟ್ರಲ್ಲೇ ಸರಿ.

ಮೂಲ ಫ್ಲೈವೀಲ್ ಡ್ಯುಯಲ್ ಮಾಸ್, ಅಂದರೆ ನಡುವೆ ಸ್ಪ್ರಿಂಗ್ ಇರುವ ಎರಡು ಭಾಗಗಳದ್ದು. ಜಾರುವ ಕ್ಲಚ್ಚಿನ ಬಿಸಿಗೆ ಒಳಗಿನ ಗ್ರೀಸು ಹೊರಬಂದು ಸ್ಪ್ರಿಂಗುಗಳು ಸಡಿಲವಾಗುತ್ತವೆ. ಒಂದೇ ತುಂಡಿನ ಸಿಂಗಲ್ ಮಾಸ್‌ಗೆ ಹೋಗುವುದಾದರೆ ಹಬ್ಬಿನಲ್ಲಿ ಸ್ಪ್ರಿಂಗ್ ಇರುವ ಡಿಸ್ಕೇ ಬೇಕು, ಆದರೂ ಐಡ್ಲಿಂಗಿನಲ್ಲಿ ಗೇರ್‌ಬಾಕ್ಸ್ ಗಲಗಲ ಅನ್ನುತ್ತದೆ. ಹಗುರ ಫ್ಲೈವೀಲಿನ ಆಸೆ ಡೀಸೆಲ್ಲಿಗೆ ಬೇಡ ಮಾರಾಯ್ರೆ. ತಿರುಗುವ ವೇಗವನ್ನು ಕಾಪಾಡುವುದರಲ್ಲಿ ಅಂಚಿನ ಒಂದು ಗ್ರಾಂ ಅರ್ಧ ತ್ರಿಜ್ಯದಲ್ಲಿರುವ ಒಂದು ಗ್ರಾಮಿನ ನಾಲ್ಕರಷ್ಟು ಕೆಲಸ ಮಾಡುತ್ತದೆ. ಅದನ್ನು ಕಡಿದರೆ ಆಗುಂಬೆಯ 14 ತಿರುವುಗಳಲ್ಲಿ ಹತ್ತುತ್ತಾ ಎರಡನೇ ಗೇರಿನಲ್ಲಿ ನಿಧಾನಿಸಿದಾಗ ಎಂಜಿನ್ ಸತ್ತು ಹೋಗುತ್ತದೆ. ಬೀಡುಕಬ್ಬಿಣದ ಫ್ಲೈವೀಲನ್ನು ಲೇತಿಗೆ ಕೊಟ್ಟು ತೆಳ್ಳಗೆ ಮಾಡಿಸುವುದಂತೂ ಅಪಾಯ, ಒಡೆದರೆ ಬೆಲ್‌ಹೌಸಿಂಗ್ (ಕ್ಲಚ್ಚಿನ ಹೊರಕವಚ) ಸೀಳಿ ಬರುತ್ತದೆ. ನಾನು ಹಾಕಿದ್ದು ಉಕ್ಕಿನ ಸಿಂಗಲ್ ಮಾಸ್.

ಫ್ಲೈವೀಲ್ ಬೋಲ್ಟು ಹೊಸದೇ ಆಗಬೇಕು: 60 ಎನ್‌ಎಂಗೆ ಬಿಗಿಸಿ, ಮೇಲೆ 90 ಡಿಗ್ರಿ ತಿರುವು. ಡಯಲ್ ಗೇಜಿನಲ್ಲಿ ಅಳೆದಾಗ ಫ್ಲೈವೀಲ್ ಮುಖದ ಓಲಾಟ 0.1 ಮಿ.ಮೀ. ಮೀರಬಾರದು. ಪ್ಲೇಟಿನ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಸ್ಪ್ಲೈನಿಗೆ (ಡಿಸ್ಕು ಕೂರುವ ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳು) ಗ್ರೀಸು ತೆಳು ಲೇಪ ಮಾತ್ರ, ಹೆಚ್ಚಾದರೆ ಡಿಸ್ಕಿಗೆ ಸಿಡಿಯುತ್ತದೆ. ಗೇರ್‌ಬಾಕ್ಸ್ ಇಳಿಸಿದಾಗಲೇ ಕ್ರ್ಯಾಂಕಿನ ರಿಯರ್ ಆಯಿಲ್ ಸೀಲ್, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಬದಲಿಸಿ.

ಹೊಸ ಕ್ಲಚ್ ಪಳಗಲು ಮೊದಲ 800 ಕಿ.ಮೀ. ಪೇಟೆಯೊಳಗೇ, ಫುಲ್ ಥ್ರಾಟಲ್ ಇಲ್ಲದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಿದರೆ ಕರಾವಳಿಯ ತೇವಕ್ಕೆ ಡಿಸ್ಕು ತುಕ್ಕು ಹಿಡಿದ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ನಾಲ್ಕು ದಿನಕ್ಕೊಮ್ಮೆಯಾದರೂ ಒಂದು ಸುತ್ತು ಓಡಿಸಿ ಬನ್ನಿ.